ಕವಳದ ಕೆಂಪೂ ಪ್ರಜ್ಞೆಯೂ: ಚಾರ್ವಾಕರ ಹೋಲಿಕೆ ಎಲ್ಲಿ ಕೈ ಕೊಡ್ತದೆ?

ಬೇಡ್ತಿ_ದಂಡೆ
ಶಿರಸಿಯಲ್ಲಿ ಮಿದುಳು ಮತ್ತು ಪ್ರಜ್ಞೆ ಬಗ್ಗೆ ಒಂದೂವರೆ ತಾಸಿನ ಮಾತುಕತೆ ಇಟ್ಟುಕೊಂಡಿದ್ದೇವೆ. ಎದುರಿಗೆ ಕೂರುವವರು ಹೈಸ್ಕೂಲು ಮಕ್ಕಳು, ತೋಟಿಗರು, ವೇದಾಂತ ಓದಿದ ಹಿರಿಯರು, ಒಬ್ಬಿಬ್ಬರು ಡಾಕ್ಟರು. ಎಲ್ಲರಿಗೂ ಒಟ್ಟಿಗೆ ದಕ್ಕುವ ಉದಾಹರಣೆ ಬೇಕು. ಶಂಕರರ ಹೆಸರಲ್ಲಿ ಸಿಗುವ ಸರ್ವಸಿದ್ಧಾಂತಸಂಗ್ರಹದಲ್ಲಿ ಲೋಕಾಯತರ (ಚಾರ್ವಾಕರು ಅಂದ್ರೂ ಅವರೇ, ದೇಹದಾಚೆ ಆತ್ಮ ಇಲ್ಲ ಅನ್ನುವವರು) ಮಾತೊಂದಿದೆ: ‘ತಾಂಬೂಲಪೂಗಚೂರ್ಣಾನಾಂ ಯೋಗಾದ್ರಾಗ ಇವೋತ್ಥಿತಮ್’. ಎಲೆ, ಅಡಿಕೆ, ಸುಣ್ಣ ಯಾವುದರಲ್ಲೂ ಇಲ್ಲದ ಕೆಂಪು ಮೂರೂ ಸೇರಿ ಕವಳ ಆದಾಗ ಏಳುವ ಹಾಗೆ, ಜಡಭೂತಗಳು ಸೇರಿದಾಗ ಚೈತನ್ಯ ಏಳ್ತದೆ ಅಂತ. ನಮ್ಮ ಊರಿಗೆ ಇದಕ್ಕಿಂತ ಒಳ್ಳೇ ಶುರು ಸಿಗ್ಲಿಕ್ಕಿಲ್ಲ. ಆದರೆ ಈ ಹೋಲಿಕೆ ಎಷ್ಟು ದೂರ ನಡೀತದೆ? ಎಲ್ಲಿ ಮುರೀತದೆ? ಟೇಬಲ್ ಮೇಲೆ ತೋರಿಸಬಹುದಾದ ಪ್ರಯೋಗ ಇದ್ದರೆ ಅದನ್ನೂ ಹೇಳಿ.

ಚಾಲಿ_ರಾಶಿ
ಮೊದಲು ಪ್ರಯೋಗ. ಚಾಲಿ ಅಡಿಕೆ (ಬೇಯಿಸದೆ ಬಿಸಿಲಲ್ಲಿ ಒಣಗಿಸಿದ್ದು) ಪುಡಿ ಅರ್ಧ ಚಮಚ, ಅರ್ಧ ಲೋಟ ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಗಾಜಿನ ಎರಡು ಲೋಟಕ್ಕೆ ಹಂಚಿ. ಒಂದಕ್ಕೆ ಕಡಲೆಕಾಳಿನಷ್ಟು ಸುಣ್ಣ ಹಾಕಿ ಕಲಕಿ, ಇನ್ನೊಂದನ್ನು ಹಾಗೇ ಬಿಡಿ. ಕೆಂಪು ಏಳ್ತದೆ. ಮೇಲಿಂದ ನಿಂಬೆರಸ ಹಿಂಡಿದರೆ ಆ ಕೆಂಪು ಮಸುಕಾಗ್ತದೆ.

ಕೆಂಪಡಿಕೆ ತಗೊಳ್ಬೇಡಿ. ಅದಕ್ಕೆ ಮೊದಲೇ ಚೊಗರು (ಅಡಿಕೆ ಬೇಯಿಸಿದ ಕೆಂಗಂದು ರಸ) ಕೊಟ್ಟಿರ್ತಾರೆ, ನೀರು ಶುರುವಿಗೇ ಕಂದಾಗಿ ವ್ಯತ್ಯಾಸ ಕಾಣೂದಿಲ್ಲ. ಇನ್ನೊಂದು, ಡಬ್ಬಿಯಲ್ಲಿ ಒಣಗಿ ಕೂತ ಹಳೇ ಸುಣ್ಣ ಕೆಲಸ ಮಾಡೂದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರ್ತದೆ, ಕ್ಷಾರ ಸತ್ತಿರ್ತದೆ. ಹಸಿ ಸುಣ್ಣವೇ ಬೇಕು.

ಒಳಗೆ ಆಗೂದು ಇಷ್ಟೇ: ಅಡಿಕೆಯ ಟ್ಯಾನಿನ್ನು, ಕ್ಯಾಟೆಚಿನ್ನುಗಳು ಸುಣ್ಣದ ಕ್ಷಾರದಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಉತ್ಕರ್ಷಣೆ ಹೊಂದಿ ಕೆಂಪು ಬಣ್ಣದ ದೊಡ್ಡ ಅಣುಗಳಾಗ್ತವೆ. ಅಂದಹಾಗೆ ಈ ಕೆಂಪಿಗೆ ಎಲೆ ಬೇಕೇ ಬೇಕು ಅಂತಿಲ್ಲ. ಅಡಿಕೆ, ಸುಣ್ಣ ಎರಡೇ ಸಾಕು. ಶ್ಲೋಕದವರು ಒಂದು ಸಾಮಾನು ಜಾಸ್ತಿ ಹಾಕಿದ್ದಾರೆ.

ಸೋಂದೆ_ಸಂಜೆ
ಎಲೆ ಬೇಡ ಅನ್ನೋ ವಿಷಯ ಚಾರ್ವಾಕರಿಗೆ ತೊಂದರೆ ಮಾಡೂದಿಲ್ಲ. ಅವರಿಗೆ ನಿಜವಾದ ತೊಂದರೆ ಬೇರೆ ಕಡೆ ಇದೆ.

ಚಾಲಿ_ರಾಶಿ ಅವರು ಎರಡು ಸಾಲಲ್ಲಿ ಕೆಂಪು ಹೇಗೆ ಬಂತು ಹೇಳಿಬಿಟ್ಟರು. ಯಾವ ಅಣು, ಯಾವ ಕ್ಷಾರ, ಎಷ್ಟು ಬೆಳಕು ಹೀರ್ತದೆ ಅಂತ ಗೊತ್ತಾದಮೇಲೆ ‘ಇಷ್ಟೆಲ್ಲ ಆದರೂ ಇದು ಯಾಕೆ ಕೆಂಪು?’ ಎಂಬ ಪ್ರಶ್ನೆ ರಸಾಯನಶಾಸ್ತ್ರದಲ್ಲಿ ಉಳಿಯೂದಿಲ್ಲ. ಮಿದುಳಲ್ಲಿ ಹಾಗಲ್ಲ. ಯಾವ ನರಕೋಶ ಯಾವಾಗ ಮಿಡಿಯಿತು, ಯಾವ ಸುದ್ದಿ ಎಲ್ಲಿಗೆ ಹೋಯಿತು ಅಂತ ಪೂರ್ತಿ ಬರೆದಿಟ್ಟರೂ ‘ಇದೆಲ್ಲ ಕತ್ತಲಲ್ಲೇ ನಡೀಬಹುದಿತ್ತಲ್ಲ, ಒಳಗೆ ಅನುಭವ ಅಂತ ಯಾಕಿದೆ?’ ಅಂತ ಕೇಳಬಹುದು. ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1994ರಲ್ಲಿ ಅಮೆರಿಕದ ಟೂಸಾನ್ ಸಮ್ಮೇಳನದಲ್ಲಿ ಎತ್ತಿ, 1995ರ ಲೇಖನದಲ್ಲಿ ‘ಕಠಿಣ ಸಮಸ್ಯೆ’ ಅಂತ ಹೆಸರಿಟ್ಟದ್ದು ಇದಕ್ಕೇ.

ಹೋಲಿಕೆ ಮುರಿಯುವ ಜಾಗ ಇನ್ನೂ ಸೂಕ್ಷ್ಮ. ಲೋಟದಲ್ಲಿ ಇರೂದು ಬೆಳಕಿನ ಕೆಲವು ಅಲೆಯುದ್ದ ಹೀರಿ ಕೆಲವನ್ನು ಬಿಡುವ ದ್ರವ. ‘ಕೆಂಪು’ ಅಂತ ಕಾಣೂದಕ್ಕೆ ಕಣ್ಣಲ್ಲಿ ಬಣ್ಣ ಹಿಡಿಯುವ ಶಂಕುಕೋಶ ಬೇಕು, ಮಿದುಳು ಬೇಕು, ನೋಡುವವ ಬೇಕು. ಪ್ರಜ್ಞೆ ಹೇಗೆ ಹುಟ್ಟಿತು ಅಂತ ತೋರಿಸೂದಕ್ಕೆ ಚಾರ್ವಾಕರು ಆರಿಸಿಕೊಂಡ ಉದಾಹರಣೆಯಲ್ಲೇ ಪ್ರಜ್ಞೆ ಕದ್ದು ಕೂತಿದೆ. ಸಾಲ ತೀರಿಸ್ಲಿಕ್ಕೆ ಸಾಲ ಕೊಟ್ಟವನ ಜೇಬಿಂದಲೇ ದುಡ್ಡು ತೆಗೆದ ಹಾಗೆ.

ಉಂಚಳ್ಳಿ_ಹನಿ
ಜೇಬಿನ ಮಾತು ಚಂದ ಇದೆ. ಆದರೆ ಅವರದ್ದು ಇನ್ನೊಂದು ಉದಾಹರಣೆಯೂ ಉಂಟು: ಕಿಣ್ವ ಹಾಕಿ ಹುಳಿ ಬರಿಸಿದ ಧಾನ್ಯಕ್ಕೆ ಮದಶಕ್ತಿ ಬರೂದು. ಅದಕ್ಕೆ ಏನಂತೀರಿ?

ಸೋಂದೆ_ಸಂಜೆ
@ಉಂಚಳ್ಳಿ_ಹನಿ ಅಲ್ಲೂ ಅದೇ ಕತೆ. ಎಥನಾಲ್ ಆಗೂದು ರಸಾಯನ. ಅಮಲು ಏರೂದು ಕುಡಿದವನಿಗೆ, ಗಡಿಗೆಗಲ್ಲ.

ಮಾಜಾಳಿ_ಗಾಳ
ಎಲ್ಲದಕ್ಕೂ ಅಡಿಕೆ ತರೂದು ಘಟ್ಟದ ಮೇಲಿನವರ ಹುಟ್ಟುಗುಣ. ಮಿದುಳಿನ ಚಿತ್ರ ಎಷ್ಟು ನಂಬಬಹುದು ಅನ್ನೂದಕ್ಕೆ ಕರಾವಳಿಯವರಿಗೆ ಮೀನಿನ ಉದಾಹರಣೆ ಒಂದಿದೆ, ತಗೊಳ್ಳಿ.

2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಎಂಆರ್‌ಐ ಯಂತ್ರದಲ್ಲಿಟ್ಟರು. ಮನುಷ್ಯರ ಚಿತ್ರ ತೋರಿಸಿ ‘ಇವರಿಗೆ ಏನನ್ನಿಸ್ತಿರಬಹುದು?’ ಅಂತ ಕೇಳಿದರು. ಹೌದು, ಸತ್ತ ಮೀನಿಗೆ. ಲೆಕ್ಕ ಹಾಕಿದರೆ ಯಂತ್ರದ ಚಿತ್ರದ 8064 ಚೌಕಗಳಲ್ಲಿ 16 ‘ಚುರುಕಾಗಿ’ ಬಂದವು! ಸಾವಿರಕ್ಕೊಂದು ಸುಳ್ಳು ಸಾಕು ಅಂತ ಮಿತಿ ಇಟ್ಟರೂ ಎಂಟು ಸಾವಿರ ಸಲ ಪರೀಕ್ಷೆ ಮಾಡಿದರೆ ಎಂಟು ಸುಳ್ಳು ತಾನಾಗೇ ಬರ್ತವೆ, ಅಕ್ಕಪಕ್ಕದ ಚೌಕಗಳ ಸದ್ದು ಒಂದಕ್ಕೊಂದು ಅಂಟಿಕೊಂಡಿರೂದರಿಂದ ಗುಂಪಾಗಿಯೂ ಬರ್ತವೆ. ಬಹುಪರೀಕ್ಷೆಗೆ ತಿದ್ದುಪಡಿ ಹಾಕಿದ ಕೂಡಲೇ ಮೀನು ಮತ್ತೆ ಸತ್ತಿತು. 2012ರಲ್ಲಿ ಇದಕ್ಕೆ ಇಗ್‌ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಯ ಪ್ರಶಸ್ತಿ) ಕೊಟ್ಟರು. ಕಾರವಾರದ ಮಾರ್ಕೆಟ್ಟಿನ ಬಂಗಡೆಯನ್ನು ಇಟ್ಟರೂ ಇದೇ ಬರ್ತದೆ, ಯಂತ್ರದ ಬಾಡಿಗೆ ಕೊಡೂರು ಬೇಕು ಅಷ್ಟೇ.

ಗೋಕರ್ಣ_ಗಾಳಿ
ಅಂದ್ರೆ ಮಿದುಳಿನ ಬಣ್ಣಬಣ್ಣದ ಚಿತ್ರ ಎಲ್ಲ ಸುಳ್ಳು ಅಂತಾಯ್ತು.

ಮಾಜಾಳಿ_ಗಾಳ
ಅಲ್ಲ ಮಾರಾಯ್ರೆ. ತಿದ್ದುಪಡಿ ಇಲ್ಲದ ಲೆಕ್ಕ ಸುಳ್ಳು, ಅಷ್ಟೇ. ಆದರೆ ಆ ಚಿತ್ರಗಳು ಏನು ತೋರಿಸ್ತವೆ ಅಂತ ಸಭೆಯಲ್ಲಿ ಹೇಳಲೇಬೇಕು. ಅದು ಯೋಚನೆಯ ಫೋಟೊ ಅಲ್ಲ. ನರಕೋಶಗಳು ದುಡಿದ ಕಡೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಬರ್ತದೆ, ಆಮ್ಲಜನಕ ಇಲ್ಲದ ಹಿಮೊಗ್ಲೊಬಿನ್ನಿನ ಕಾಂತಗುಣ ಬೇರೆ, ಆ ವ್ಯತ್ಯಾಸವೇ ಸಂಕೇತ. ಸೇಜಿ ಒಗಾವ 1990ರಲ್ಲಿ ತೋರಿಸಿದ್ದು. ನರಕೋಶ ಮಿಡಿಯೂದು ಮಿಲಿಸೆಕೆಂಡಲ್ಲಿ, ರಕ್ತ ತುದಿಗೇರೂದು 4-6 ಸೆಕೆಂಡಿಗೆ. ತೇರು ದಾಟಿ ಹೋದಮೇಲೆ ಧೂಳು ನೋಡಿ ‘ಇಲ್ಲಿ ತೇರು ಹೋಯ್ತು’ ಅಂದ ಹಾಗೆ. ಒಂದೊಂದು ಚೌಕ 2-3 ಮಿಲಿಮೀಟರ್, ಅದರೊಳಗೆ ಲಕ್ಷಗಟ್ಟಲೆ ನರಕೋಶ.

ಕುಮಟೆ_ಕೈಗನ್ನಡಿ
ಸೆಕೆಂಡಿನ ಭಾಗದಲ್ಲಿ ಆಗೂದನ್ನು ಹಿಡೀಬೇಕಾದರೆ ಇಇಜಿ, ಮಿದುಳಿನ ವಿದ್ಯುತ್ ಸಂಕೇತವನ್ನು ತಲೆಯ ಮೇಲಿಂದ ಅಳೆಯೂದು. ತಲೆಗೆ ಕಟ್ಟುವ ಸಣ್ಣ ಪಟ್ಟಿ ಆನ್‌ಲೈನಲ್ಲಿ ಸಿಗ್ತದೆ, ಅದನ್ನೇ ತಂದು ತೋರಿಸಬಹುದಲ್ಲ?

ತದಡಿ_ತಾಂತ್ರಿಕ
ತೋರಿಸಬಹುದು, ಆದರೆ ತೋರಿಸೂದು ಮಿದುಳನ್ನಲ್ಲ, ರೆಪ್ಪೆಯನ್ನು. ಹಣೆಯ ಮೇಲೆ ಒಂದೇ ಇಲೆಕ್ಟ್ರೋಡ್ ಇದ್ದರೆ ಅದಕ್ಕೆ ಸಿಗೂದು ಕಣ್ಣು ಮಿಟುಕಿಸೂದು, ಹುಬ್ಬು ಗಂಟಿಕ್ಕೂದು. ನೆತ್ತಿಯ ಮೇಲೆ ಮಿದುಳಿನ ಸಂಕೇತ 10ರಿಂದ 100 ಮೈಕ್ರೊವೋಲ್ಟ್. ಒಂದು ಮಿಟುಕು ಅದನ್ನೆಲ್ಲ ಮುಳುಗಿಸ್ತದೆ.

ನಂಬಿಕೆಗೆ ಅರ್ಹವಾದ ಒಂದೇ ಪ್ರದರ್ಶನ ಆಲ್ಫಾ ಲಯ. ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದು ಅದನ್ನೇ. ಕಣ್ಣು ಮುಚ್ಚಿದರೆ ಹಿಂದಲೆಯಲ್ಲಿ ಸೆಕೆಂಡಿಗೆ 8-13 ಸಲದ ಅಲೆ ಏಳ್ತದೆ, ತೆರೆದರೆ ಅಡಗ್ತದೆ. ಹಾಗಾಗಿ ಇಲೆಕ್ಟ್ರೋಡ್ ಹಣೆಗಲ್ಲ, ಹಿಂದಲೆಗೆ. ಅಲ್ಲಿ ಕೂದಲು ಅಡ್ಡ. ನಮ್ಮ ಕಡೆ ಕೂದಲು ಅಂದ್ರೆ ತೆಂಗಿನೆಣ್ಣೆ.

ಎಣ್ಣೆ ವಿದ್ಯುತ್ ಬಿಡೂದಿಲ್ಲ. ಚರ್ಮಕ್ಕೂ ಇಲೆಕ್ಟ್ರೋಡಿಗೂ ನಡುವಿನ ತಡೆ 5 ಕಿಲೊಓಮ್ ಒಳಗೆ ಬರಬೇಕು. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದು, ಬೆಳಿಗ್ಗೆ ಎಣ್ಣೆ ಮುಟ್ಟದೆ, ಪೂರ್ತಿ ಒಣಗಿಸಿ ಬರಬೇಕು. ಕೂದಲು ಬೈತಲೆ ತೆಗೆದು, ಚರ್ಮವನ್ನು ಉಜ್ಜುವ ಜೆಲ್‌ನಿಂದ ಹಗುರಾಗಿ ತಿಕ್ಕಿ, ಮೇಲೆ ವಾಹಕ ಪೇಸ್ಟ್ ಹಾಕಬೇಕು. ಪೇಸ್ಟ್ ಜಾಸ್ತಿಯಾಗಿ ಪಕ್ಕದ ಇಲೆಕ್ಟ್ರೋಡಿಗೆ ಹರಿದರೆ ಎರಡೂ ಒಂದೇ ಆಗಿಬಿಡ್ತವೆ.

ಮತ್ತೆ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಟ್ಯೂಬ್‌ಲೈಟ್, ಫ್ಯಾನು ಆರಿಸಿ. ಪ್ರಯೋಗಕ್ಕೆ ಕೂತವರ ಬಾಯಲ್ಲಿ ಕವಳ ಇರಬಾರದು, ದವಡೆ ಸ್ನಾಯುವಿನ ಸಂಕೇತ ಇಡೀ ಪರದೆ ತುಂಬ್ತದೆ.

ಬೇಡ್ತಿ_ದಂಡೆ
ಶಿರಸಿಯಲ್ಲಿ ಕವಳ ಇಲ್ಲದ ಬಾಯಿ ಹುಡುಕೂದೇ ಒಂದು ಪ್ರಯೋಗ.

ಹೊನ್ನಾವರ_ಹೊಳೆ
ಅಡಿಕೆಯೇ ಮಿದುಳಿಗೆ ಹೋಗ್ತದಲ್ಲ, ಅದನ್ಯಾಕೆ ಯಾರೂ ಹೇಳ್ತಿಲ್ಲ? ಅಡಿಕೆಯ ಅರೆಕೊಲಿನ್ ರಕ್ತ-ಮಿದುಳಿನ ತಡೆ ದಾಟಿ ನರಸಂದೇಶ ಒಯ್ಯುವ ಅಸಿಟೈಲ್‌ಕೊಲಿನ್ನಿನ ಗ್ರಾಹಕಗಳಿಗೆ, ಮುಖ್ಯವಾಗಿ ಮಸ್ಕರಿನಿಕ್ ಜಾತಿಗೆ ಕೂರ್ತದೆ. ಬೆವರು, ಜೊಲ್ಲು, ಎಚ್ಚರ ಎಲ್ಲ ಅದರದ್ದೇ. ನಿದ್ದೆಯಲ್ಲಿರುವವರಿಗೆ ಅರೆಕೊಲಿನ್ ಕೊಟ್ಟರೆ ಕನಸಿನ ರೆಮ್ ಹಂತ ಬೇಗ ಶುರುವಾಗ್ತದೆ. ಬೆರಳೆಣಿಕೆಯ ಮಿಲಿಗ್ರಾಂ ಜಡವಸ್ತು ಅನುಭವದ ಸ್ಥಿತಿಯನ್ನೇ ಬದಲಿಸ್ತದೆ. ಚಾರ್ವಾಕರಿಗೆ ಲೋಟದ ಕೆಂಪಿಗಿಂತ ಇದು ಗಟ್ಟಿ ಸಾಕ್ಷಿ. (ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಹೇಳಿರೂದನ್ನೂ ಮಕ್ಕಳ ಮುಂದೆ ಹೇಳಿ. ಪ್ರಯೋಗ ಲೋಟದಲ್ಲಿ, ಬಾಯಲ್ಲಲ್ಲ.)

ಸೋಂದೆ_ಸಂಜೆ
ಔಷಧದಿಂದ ಪ್ರಜ್ಞೆ ಬದಲಾಗ್ತದೆ ಅಂದ್ರೆ ಪ್ರಜ್ಞೆ ಮಿದುಳನ್ನು ಅವಲಂಬಿಸಿದೆ ಅಂತಾಯ್ತು, ಮಿದುಳೇ ಪ್ರಜ್ಞೆ ಅಂತ ಆಗೂದಿಲ್ಲ. ನೈಯಾಯಿಕರೂ (ನ್ಯಾಯದರ್ಶನದ ತಾರ್ಕಿಕರು) ಇದನ್ನು ಒಪ್ತಾರೆ. ಅವರಿಗೆ ಜ್ಞಾನ ಆತ್ಮದ ಗುಣ, ಆದರೆ ಮನಸ್ಸು-ಇಂದ್ರಿಯ ಸೇರದೆ ಹುಟ್ಟೂದಿಲ್ಲ. ಗಾಢನಿದ್ದೆಯಲ್ಲಿ ಮನಸ್ಸು ಪುರೀತತ್ ಅಂತ ಅವರು ಕರೆಯುವ ನಾಡಿಗೆ ಹೋಗಿ ಕೂರ್ತದೆ, ಆಗ ಜ್ಞಾನವೇ ಇಲ್ಲ.

ಅದ್ವೈತಿ ಇಲ್ಲಿ ತಕರಾರು ತೆಗೀತಾನೆ. ಎದ್ದಮೇಲೆ ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಅಂತೇವೆ. ಅದು ನೆನಪು. ಅನುಭವವಿಲ್ಲದೆ ನೆನಪಿಲ್ಲ. ಆದ್ದರಿಂದ ನಿದ್ದೆಯಲ್ಲೂ ಸಾಕ್ಷಿ, ಅಂದ್ರೆ ಸುಮ್ಮನೆ ನೋಡುವ ಅರಿವು, ಇತ್ತು. ನೈಯಾಯಿಕನ ಉತ್ತರ: ಅದು ನೆನಪಲ್ಲ, ಊಹೆ. ಮೈ ಹಗುರಾಗಿದೆ, ಹೊತ್ತು ಸರಿದಿದೆ, ನಡುವೆ ಏನೂ ಇಲ್ಲ, ಹಾಗಾಗಿ ಚೆನ್ನಾಗಿ ಮಲಗಿದ್ದಿರಬೇಕು ಅಂತ ಲೆಕ್ಕ ಹಾಕ್ತೇವೆ.

ಅಘನಾಶಿನಿ_7
ತಾಳಮದ್ದಲೆ ಶುರುವಾಯ್ತು. ಭಾಗವತರು ಪದ್ಯ ಎತ್ತುವವರೆಗೆ ಇಬ್ಬರೂ ನಿಲ್ಲಿಸೂದಿಲ್ಲ.

ಹೊನ್ನಾವರ_ಹೊಳೆ
ನಿಲ್ಲಿಸಬೇಡಿ, ಇದೇ ಪ್ರಶ್ನೆ ಆಪರೇಷನ್ ಕೋಣೆಯಲ್ಲೂ ಇದೆ.

ಅರಿವಳಿಕೆಯಲ್ಲಿ ಮೂರು ಕೆಲಸ ಬೇರೆಬೇರೆ: ಅರಿವು ಹೋಗೂದು, ನೆನಪು ಉಳಿಯದಿರೂದು, ಸ್ನಾಯು ಅಲ್ಲಾಡದಿರೂದು. ಸ್ನಾಯು ಸಡಿಲಿಸುವ ಔಷಧ ಕೊಟ್ಟಮೇಲೆ ಒಳಗೆ ಎಚ್ಚರವಿದ್ದರೂ ಹೇಳ್ಲಿಕ್ಕೆ ಆಗೂದಿಲ್ಲ. ಇದನ್ನು ಹಿಡೀಲಿಕ್ಕೆ ಒಂದು ಸರಳ ಉಪಾಯ ಉಂಟು. ಸ್ನಾಯುಔಷಧ ಕೊಡುವ ಮೊದಲು ಒಂದು ಮುಂಗೈಗೆ ಬಿಪಿ ಪಟ್ಟಿ ಬಿಗಿದು ರಕ್ತಸಂಚಾರ ತಡೀತಾರೆ. ಔಷಧ ಆ ಕೈಗೆ ತಲುಪೂದಿಲ್ಲ, ಇಡೀ ಮೈ ನಿಷ್ಕ್ರಿಯವಾದರೂ ಆ ಕೈ ಅಲ್ಲಾಡಬಹುದು. ಆಮೇಲೆ ಕಿವಿಯಲ್ಲಿ ‘ನನ್ನ ಕೈ ಒತ್ತಿ’ ಅಂತ ಹೇಳೂದು. ಬಿಗಿದ ಪಟ್ಟಿಯನ್ನು ತುಂಬಾ ಹೊತ್ತು ಇಡ್ಲಿಕ್ಕಾಗೂದಿಲ್ಲ, ನರಕ್ಕೇ ರಕ್ತ ಸಾಲದೆ ಕೈ ಸೋಲ್ತದೆ.

2017ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳ 260 ರೋಗಿಗಳ ಅಧ್ಯಯನದಲ್ಲಿ ಉಸಿರಾಟದ ನಳಿಕೆ ಹಾಕಿದಮೇಲೆ 4.6% ಜನ ಕೈ ಒತ್ತಿದರು. ಆಪರೇಷನ್ನಿನ ನಡುವೆ ಎಚ್ಚರವಿದ್ದದ್ದು ತಾವಾಗಿ ನೆನಪಿಟ್ಟು ದೂರು ಹೇಳುವವರು ಬ್ರಿಟನ್ನಿನ 2014ರ ದೊಡ್ಡ ಸಮೀಕ್ಷೆಯ ಪ್ರಕಾರ ಸುಮಾರು 19,000ಕ್ಕೆ ಒಬ್ಬರು. ನಡುವಿನ ಅಂತರ ನೋಡಿ. ‘ನೆನಪಿಲ್ಲ’ ಅಂದ ಕೂಡಲೇ ‘ಅನುಭವ ಇರಲಿಲ್ಲ’ ಅಂತ ಆಗೂದಿಲ್ಲ.

ಚಾಲಿ_ರಾಶಿ
ಹಾಗಾದ್ರೆ ಅದ್ವೈತಿ ಗೆದ್ದ.

ಹೊನ್ನಾವರ_ಹೊಳೆ
ಇಲ್ಲ. ಇದು ಅವನಿಗೂ ಹೊಡೆತ. ಅವನ ವಾದ ನಿಂತಿರೂದು ನೆನಪಿನ ಮೇಲೆ. ಕೈ ಒತ್ತಿದವರಿಗೆ ನೆನಪೇ ಇಲ್ಲ. ಅನುಭವ ಇದ್ದೂ ನೆನಪಿಲ್ಲದೆ ಇರಬಹುದಾದರೆ, ನೆನಪಿನಿಂದ ಅನುಭವ ಅಳೀತೇನೆ ಅನ್ನೂ ಇಬ್ಬರ ದಾರಿಯೂ ಸಡಿಲ.

ನಿದ್ದೆಗೆ ಬಂದರೆ, 256 ಇಲೆಕ್ಟ್ರೋಡಿನ ಇಇಜಿ ಹಾಕಿ ಮಲಗಿಸಿ, ರಾತ್ರಿಯಲ್ಲಿ ಹಲವು ಸಲ ಎಬ್ಬಿಸಿ ಕೇಳಿದ ಕೆಲಸ ಒಂದಿದೆ, 2017ರದ್ದೇ. ಉತ್ತರ ಮೂರು ಬಗೆ: ಕನಸಿತ್ತು, ಏನೂ ಇರಲಿಲ್ಲ, ‘ಏನೋ ಇತ್ತು, ಏನಂತ ಹೇಳ್ಲಿಕ್ಕೆ ಬರೂದಿಲ್ಲ’. ಅನುಭವ ಇತ್ತು ಅಂದಾಗಲೆಲ್ಲ ಮಿದುಳಿನ ಹಿಂಭಾಗದಲ್ಲಿ ನಿಧಾನ ಅಲೆಗಳು ಕಮ್ಮಿಯಾಗಿದ್ದವು, ಕನಸಿನ ಹಂತವಾದರೂ ಸರಿ, ಅಲ್ಲದಿದ್ದರೂ ಸರಿ. ಮಾಂಡೂಕ್ಯ ಉಪನಿಷತ್ತಿನ ಸ್ವಪ್ನ-ಸುಷುಪ್ತಿ (ಕನಸು-ಗಾಢನಿದ್ದೆ) ಗೆರೆ ಯಂತ್ರದಲ್ಲಿ ಅಷ್ಟು ನೇರ ಬೀಳೂದಿಲ್ಲ.

ಬನವಾಸಿ_ಬದು
ಇದೆಲ್ಲ ಕ್ವಾಂಟಂ ಅಂತ ಭೌತವಿಜ್ಞಾನಿ ಪೆನ್ರೋಸ್ ಹೇಳಿದ್ದಾರಲ್ಲ, ನರಕೋಶದೊಳಗಿನ ಸೂಕ್ಷ್ಮ ಕೊಳವೆ ಮೈಕ್ರೊಟ್ಯೂಬ್ಯೂಲಲ್ಲಿ. ವೇದಾಂತಕ್ಕೂ ಅದು ಹೊಂದ್ತದೆ. ಅಲ್ಲಿಂದ ಶುರುಮಾಡಿ, ಅಡಿಕೆ ಬಿಡಿ.

ತದಡಿ_ತಾಂತ್ರಿಕ
ಪೆನ್ರೋಸ್, ಅವರ ಜೊತೆಗಾರ ಅರಿವಳಿಕೆ ವೈದ್ಯ ಹ್ಯಾಮರಾಫ್ ಹೇಳಿದ್ದು ನಿಜ. ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ರಲ್ಲಿ ಲೆಕ್ಕ ಹಾಕಿದ್ದೂ ನಿಜ: ಮಿದುಳಿನ ಬಿಸಿಯಲ್ಲಿ, ಒದ್ದೆಯಲ್ಲಿ ಅಂಥ ಕ್ವಾಂಟಂ ಸ್ಥಿತಿ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗವೂ ಬಾಳೂದಿಲ್ಲ. ನರಕೋಶದ ಮಿಡಿತಕ್ಕೆ ಮಿಲಿಸೆಕೆಂಡು ಬೇಕು. ಅವರು ಲೆಕ್ಕ ತಿದ್ದಿ ಉತ್ತರ ಕೊಟ್ಟಿದ್ದಾರೆ, ಜಗಳ ಮುಗಿದಿಲ್ಲ. ಆದರೆ ಹೈಸ್ಕೂಲು ಮಕ್ಕಳಿಗೆ ಎರಡು ಅರ್ಥವಾಗದ್ದನ್ನು ಜೋಡಿಸಿ ಒಂದು ಅರ್ಥವಾಗ್ತದೆ ಅನ್ನೂದು ಬೇಡ.

ಉಂಚಳ್ಳಿ_ಹನಿ
ನರಕೋಶದ ಲೆಕ್ಕದಿಂದ ಶುರುಮಾಡೂದು ಒಳ್ಳೇದು. ಒಟ್ಟು ಸುಮಾರು 8,600 ಕೋಟಿ. ಅದರಲ್ಲಿ 6,900 ಕೋಟಿ ತಲೆಯ ಹಿಂದೆ ಕೆಳಗಿರುವ ಚಿಕ್ಕಮಿದುಳಲ್ಲಿ. ಮೇಲಿನ ಮಡಿಕೆಯ ಹೊರಪದರದಲ್ಲಿ ಬರೀ 1,600 ಕೋಟಿ. ಚಿಕ್ಕಮಿದುಳು ಪೂರ್ತಿ ಇಲ್ಲದೆ ಹುಟ್ಟಿದವರೂ ಇದ್ದಾರೆ, ನಡಿಗೆ ತೂರಾಡ್ತದೆ, ಮಾತು ತೊದಲ್ತದೆ, ಪ್ರಜ್ಞೆ ಇರ್ತದೆ. ಸಾಮಾನು ಎಷ್ಟು ಅನ್ನೂದಲ್ಲ, ಹೇಗೆ ಹೆಣೆದಿದೆ ಅನ್ನೂದು. ಚಿಕ್ಕಮಿದುಳು ಒಂದಕ್ಕೊಂದು ಮಾತಾಡದ ಸಾಲುಸಾಲು ಕೋಣೆ, ಹೊರಪದರ ಸುತ್ತಿಸುತ್ತಿ ವಾಪಸ್ ಬರುವ ದಾರಿ. ಇಲ್ಲಿ ಶ್ಲೋಕದ ‘ಯೋಗಾತ್’ (ಸೇರುವಿಕೆಯಿಂದ) ಅನ್ನೂ ಪದಕ್ಕೆ ತೂಕ ಬರ್ತದೆ.

ಗೋಕರ್ಣ_ಗಾಳಿ
ತತ್ವಶಾಸ್ತ್ರಜ್ಞ ಥಾಮಸ್ ನೇಗಲ್ ಅವರ ಬಾವಲಿ ಬಿಟ್ಟೇಬಿಟ್ರಿ, ಅದರ ಮಿದುಳು ಎಷ್ಟು ತಿಳಿದರೂ ಅದರ ಅನುಭವ ನಮಗೆ ಸಿಗೂದಿಲ್ಲ ಅನ್ನುವ ವಾದ. ‘ಬಾವಲಿಯಾಗಿರೂದು ಹೇಗನ್ನಿಸ್ತದೆ’, 1974. ತೋಟದಲ್ಲಿ ಅಡಿಕೆ ಹಣ್ಣು ಚೀಪಿ ಬೀಳಿಸೂ ಬಾವಲಿ ಎಲ್ಲರಿಗೂ ಗೊತ್ತು, ಪ್ರತಿಧ್ವನಿಯಲ್ಲಿ ನೋಡುವ ಪ್ರಾಣಿ ಅಂತ ಅದನ್ನೇ ತೋರಿಸಿ.

ಚಾಲಿ_ರಾಶಿ
ತಪ್ಪು! ಅಡಿಕೆ ಚೀಪೂದು ಹಣ್ಣು ತಿನ್ನುವ ಬಾವಲಿ. ಅದು ಹಾರೂದು ದೊಡ್ಡ ಕಣ್ಣು, ಮೂಗು ನಂಬಿ. ಗಂಟಲಿಂದ ಶ್ರವಣಾತೀತ ಸದ್ದು ಬಿಟ್ಟು ಪ್ರತಿಧ್ವನಿ ಹಿಡಿಯೂದು ಹುಳ ತಿನ್ನುವ ಸಣ್ಣ ಬಾವಲಿ. ಹಣ್ಣುಬಾವಲಿಗಳಲ್ಲಿ ರೌಸೆಟ್ಟಸ್ ಜಾತಿಯದ್ದು ನಾಲಿಗೆ ಲೊಟ್ಟೆ ಹೊಡೆದು ಗುಹೆಯಲ್ಲಿ ದಾರಿ ಹುಡುಕ್ತದೆ, ಅದು ಅಪವಾದ. ತೋಟಿಗರ ಮುಂದೆ ಇದನ್ನು ತಪ್ಪಿದ್ರೆ ಆಮೇಲೆ ಹೇಳಿದ ಯಾವುದನ್ನೂ ಅವರು ನಂಬೂದಿಲ್ಲ.

ಕುಮಟೆ_ಕೈಗನ್ನಡಿ
ಮಕ್ಕಳಿಗೆ ಚಕ್ಕುಲಿ ಕೊಡಿ. ತಮಾಷೆ ಅಲ್ಲ. ಮನಸ್ಸು ಅಣು, ಒಂದು ಸಲಕ್ಕೆ ಒಂದೇ ಜ್ಞಾನ ಅನ್ನೂದು ನ್ಯಾಯಸೂತ್ರ. ಅದಕ್ಕೆ ಎದುರಾಳಿ ಹಾಕುವ ಆಕ್ಷೇಪವೇ ‘ದೀರ್ಘಶಷ್ಕುಲೀ’: ಉದ್ದ ಚಕ್ಕುಲಿ ಕಡೀವಾಗ ಕುರುಕುರು ಸದ್ದು, ವಾಸನೆ, ರುಚಿ, ಗರಿಮುರಿ, ಬಣ್ಣ ಎಲ್ಲ ಒಟ್ಟಿಗೇ ಬರ್ತದಲ್ಲ? ನೈಯಾಯಿಕ ಅಂತಾನೆ, ನೂರು ಕಮಲದೆಸಳನ್ನು ಸೂಜಿಯಲ್ಲಿ ಚುಚ್ಚಿದರೆ ಒಟ್ಟಿಗೇ ಚುಚ್ಚಿದ ಹಾಗೆ ಕಾಣ್ತದೆ, ನಿಜದಲ್ಲಿ ಒಂದಾದಮೇಲೊಂದು. ಈಗಿನ ಪ್ರಯೋಗದಲ್ಲೂ ಸರಸರ ಹೋಗುವ ಅಕ್ಷರಗಳ ಸಾಲಲ್ಲಿ ಒಂದು ಗುರಿ ಹಿಡಿದಮೇಲೆ ಸುಮಾರು 200ರಿಂದ 500 ಮಿಲಿಸೆಕೆಂಡ್ ಒಳಗೆ ಬಂದ ಎರಡನೇ ಗುರಿ ತಪ್ಪಿಹೋಗ್ತದೆ. ಕಣ್ಣು ನೋಡಿರ್ತದೆ, ನಮಗೆ ಗೊತ್ತಾಗಿರೂದಿಲ್ಲ.

ಬೇಡ್ತಿ_ದಂಡೆ
ಚಕ್ಕುಲಿ ಮಂಜೂರು. ಕುರುಡುಚುಕ್ಕೆ ಪ್ರಯೋಗವನ್ನೂ ಹಾಕ್ತೇನೆ: ಕಾಗದದಲ್ಲಿ ಬಲಕ್ಕೆ ಗುಣಾಕಾರ ಚಿಹ್ನೆ, ಎಡಕ್ಕೆ ಚುಕ್ಕೆ, ಬಲಗಣ್ಣಲ್ಲಿ ಚಿಹ್ನೆ ನೋಡೂದು.

ತದಡಿ_ತಾಂತ್ರಿಕ
ತಿರುಗುಮುರುಗು. ಬಲಗಣ್ಣಿನ ಕುರುಡುಚುಕ್ಕೆ ದೃಷ್ಟಿಯ ಬಲಕ್ಕೆ, ಸುಮಾರು 15 ಡಿಗ್ರಿಯಲ್ಲಿ. ಹಾಗಾಗಿ ಚಿಹ್ನೆ ಎಡಕ್ಕೆ, ಚುಕ್ಕೆ ಬಲಕ್ಕೆ, ನಡುವೆ 8 ಸೆಂಟಿಮೀಟರ್. ಎಡಗಣ್ಣು ಮುಚ್ಚಿ, ಚಿಹ್ನೆಯನ್ನೇ ನೋಡ್ತಾ ಕಾಗದವನ್ನು ಸುಮಾರು 30 ಸೆಂಟಿಮೀಟರ್ ದೂರಕ್ಕೆ ತನ್ನಿ. ಚುಕ್ಕೆ ಮಾಯ. ಕಾಗದಕ್ಕೆ ಗೆರೆ ಹಾಕಿದ್ದರೆ ಆ ಜಾಗದಲ್ಲಿ ಗೆರೆ ತುಂಬಿದ ಹಾಗೆ ಕಾಣ್ತದೆ. ಮಕ್ಕಳು ಚುಕ್ಕೆ ಕಡೆ ಕಣ್ಣು ಹಾಯಿಸಿಬಿಡ್ತಾರೆ, ಅದಕ್ಕೇ ಅರ್ಧ ಜನಕ್ಕೆ ಬರೂದಿಲ್ಲ.

ಬೇಡ್ತಿ_ದಂಡೆ
ಒಳ್ಳೇದಾಯ್ತು, ಇಲ್ಲದಿದ್ರೆ ಸಭೆಯಲ್ಲಿ ಯಾರ ಚುಕ್ಕೆಯೂ ಮಾಯ ಆಗ್ತಿರ್ಲಿಲ್ಲ. ಕೊನೇ ಪ್ರಶ್ನೆ, ಅಘನಾಶಿನಿ ಹೊಳೆಯ ಚಿಪ್ಪಿನ ಸುಣ್ಣ ನಡೀತದಾ?

ಚಾಲಿ_ರಾಶಿ
ನಡೀತದೆ. ಚಿಪ್ಪು ಸುಟ್ಟರೂ ಕಲ್ಲು ಸುಟ್ಟರೂ ನೀರು ಹಾಕಿದಮೇಲೆ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಕೈಗೆ, ಕಣ್ಣಿಗೆ ತಾಗದ ಹಾಗೆ ಕಡ್ಡಿಯಲ್ಲಿ ತೆಗೀರಿ.

ಹೊನ್ನಾವರ_ಹೊಳೆ
ಒಂದು ಮರೆತಿದ್ದೆ. ಲೋಟ ತೋರಿಸಿ ‘ಯಾವ ಬಣ್ಣ?’ ಅಂತ ಕೇಳ್ಬೇಡಿ. ಹುಡುಗರಲ್ಲಿ ನೂರಕ್ಕೆ ಕೆಲವರಿಗೆ ಕೆಂಪು-ಹಸಿರು ಬೇರೆ ಮಾಡ್ಲಿಕ್ಕೆ ಬರೂದಿಲ್ಲ, ಎಷ್ಟೋ ಜನಕ್ಕೆ ಅದು ಗೊತ್ತೂ ಇರೂದಿಲ್ಲ. ಎಲ್ಲರ ಮುಂದೆ ನಗೆಪಾಟಲಾಗ್ತದೆ. ‘ಎರಡು ಲೋಟದಲ್ಲಿ ವ್ಯತ್ಯಾಸ ಏನು ಕಾಣ್ತದೆ, ಚೀಟಿಯಲ್ಲಿ ಬರೀರಿ’ ಅನ್ನಿ.

ಸೋಂದೆ_ಸಂಜೆ
ಆ ಚೀಟಿಗಳನ್ನು ಹೆಸರಿಲ್ಲದೆ ಓದಿ. ಲೋಟ ಒಂದೇ, ಸುಣ್ಣ ಒಂದೇ. ಚೀಟಿ ಎಲ್ಲ ಒಂದೇ ಇರ್ತವಾ ನೋಡುವ.

ಅಘನಾಶಿನಿ_7
ಉಳಿದ ಚಕ್ಕುಲಿ ಯಾರಿಗೆ?